ಚಾತ್ತುಕುಟ್ಟಿ ಹಿಡಿದ ಕೊಲೆಗಾರರು

"ಪುಸ್ತಕ ತೆರೆಯೋದೇ ಬೇಕಾಗಿಲ್ಲ ನಂಗೆ. ರಟ್ಟನ್ನ ಒಂದ್ಸಲ ಮೂಗಿನ ಹತ್ರ ಹಿಡಿದ್ರೆ ಸಾಕು, ಕೊಂದವನ ಬೆವರಿನ ವಾಸನೆ ಬಂದ್ಬಿಡುತ್ತೆ," ಎಂದು ಚಾತ್ತುಕುಟ್ಟಿ ಕನ್ನಡಕದ ಗಾಜನ್ನು ಪಂಚೆಯ ಅಂಚಿನಲ್ಲಿ ಉಜ್ಜುತ್ತ ಹೇಳಿದ.

ಶೆಡ್ಡಿನಲ್ಲಿ ಒಬ್ಬರೂ ನಗಲಿಲ್ಲ. ಮಲಬಾರಿನ ಚಿರಕ್ಕಲ್ ಊರಿನ ದೊಡ್ಡ ಕೆರೆಯ ಹಿಂದೆ, ಹಂಚಿನ ಮಾಡಿನ ಆ ಬೀಡಿ ಶೆಡ್ಡಿನಲ್ಲಿ ಈ ಮಾತು ಸೂರ್ಯ ಮೂಡುವಷ್ಟೇ ಸತ್ಯವಾಗಿತ್ತು. ಸಿಕ್ಕು ಬಿಡದ ಕೇಸು ಬಂದಾಗಲೆಲ್ಲ ಪೊಲೀಸ್ ಸಾಹೇಬರೊಬ್ಬರು ಟೋಪಿಯನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡು ಹಿಂಬಾಗಿಲಿನಿಂದ ಬಂದು ಚಾತ್ತುಕುಟ್ಟಿಯ ಸಲಹೆ ಕೇಳಿ ಹೋಗುತ್ತಾರೆ ಎಂಬ ಸುದ್ದಿಯೂ ಇತ್ತು. ಆ ಸುದ್ದಿಯನ್ನು ಹುಟ್ಟಿಸಿದವರು ಯಾರೆಂದು ಕಂಡುಹಿಡಿಯಲು ಮಾತ್ರ ಯಾವ ಪತ್ತೇದಾರನೂ ಬೇಕಿರಲಿಲ್ಲ.

ಚಾತ್ತುಕುಟ್ಟಿ ಬೀಡಿ ಕಟ್ಟುವವನಲ್ಲ, ಬೀಡಿ ಕಟ್ಟುವವರಿಗೆ ಓದಿ ಹೇಳುವವನು. ಗಂಡಸರೂ ಹೆಂಗಸರೂ ಸಾಲುಸಾಲಾಗಿ ಕುಳಿತು, ಮೊರವನ್ನು ತೊಡೆಯ ಮೇಲಿಟ್ಟುಕೊಂಡು, ಎಲೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ತುಂಬಿ, ಸುತ್ತಿ, ನೂಲು ಬಿಗಿಯುತ್ತಿರುವಾಗ ನಡುವೆ ಎತ್ತರದ ಸ್ಟೂಲಿನ ಮೇಲೆ ಅವನು. ಬೆಳಿಗ್ಗೆ ಪತ್ರಿಕೆ, ಮಧ್ಯಾಹ್ನದ ಗಂಜಿ ಮುಗಿದ ಮೇಲೆ ಕಾದಂಬರಿ, ಅದೂ ಕೊಲೆಯ ಕಾದಂಬರಿ. ಓದುವವನ ಕೈ ಬೀಡಿ ಕಟ್ಟುವುದಿಲ್ಲವಾದ್ದರಿಂದ ಪ್ರತಿಯೊಬ್ಬರೂ ತಮ್ಮ ಮೊರದಿಂದ ಒಂದು ಹಿಡಿ ಬೀಡಿಯನ್ನು ಅವನ ಬುಟ್ಟಿಗೆ ಹಾಕಬೇಕು. ಅದೇ ಅವನ ಕೂಲಿ. ಅವನ ಸ್ವರವೋ! ಪಿಸುಮಾತಿನ ಭಾಗ ಓದಿದರೆ ಕೆರೆಯ ಮೀನುಗಳು ದಡಕ್ಕೆ ಬಂದು ಕಿವಿಗೊಡುತ್ತಿದ್ದವು. ಗುಂಡು ಹಾರುವ ಭಾಗ ಓದಿದರೆ ರಸ್ತೆಯಲ್ಲಿ ಹೋಗುವ ಬಸ್ಸಿನ ಟೈರು ಒಡೆಯುತ್ತಿತ್ತು.

ಕೊಲೆಯ ಕಾದಂಬರಿಗೆ ಶೆಡ್ಡು ತನ್ನದೇ ಕಾನೂನು ಮಾಡಿಕೊಂಡಿತ್ತು. ದಿನದ ಓದು ಮುಗಿದ ಮೇಲೆ ಪುಸ್ತಕ ದಾಮು ಮೇಸ್ತ್ರಿಯ ಕಪಾಟಿಗೆ ಹೋಗಬೇಕು, ಬೀಗ ಬೀಳಬೇಕು. ಓದುವವನೂ ಮುಂದಿನ ಪುಟವನ್ನು ಕದ್ದು ನೋಡುವಂತಿಲ್ಲ. ಪುಸ್ತಕ ಮುಗಿಯುವ ತನಕ ಅವನೊಬ್ಬನನ್ನು ಬಿಟ್ಟು ಯಾರೂ ಅದನ್ನು ಮುಟ್ಟುವಂತಿಲ್ಲ. ಮುಗಿದ ಸಂಜೆಯೇ ಅದನ್ನು ವಾಚನಾಲಯಕ್ಕೆ ಹಿಂದಿರುಗಿಸುವವನೂ ಅವನೇ. ಕೊನೆಯ ಅಧ್ಯಾಯದ ಹಿಂದಿನ ದಿನ ಓದು ಇಲ್ಲ, ಬರೀ ಜಗಳ. ಯಾರು ಕೊಂದರು, ಯಾಕೆ ಕೊಂದರು ಎಂದು ಎಲ್ಲರೂ ವಾದಿಸಿ ಗಂಟಲು ಹರಿದುಕೊಂಡ ಮೇಲೆ ಚಾತ್ತುಕುಟ್ಟಿ ಒಂದು ಹೆಸರು ಹೇಳುತ್ತಿದ್ದ. ಮರುದಿನ ಪುಸ್ತಕವೂ ಅದೇ ಹೆಸರು ಹೇಳುತ್ತಿತ್ತು. ಒಂದು ಸಲವೂ ತಪ್ಪಿದ್ದಿಲ್ಲ.

ಅವನು ಹಿಡಿದ ಕೊಲೆಗಾರರೆಲ್ಲ ಎಂಥವರು ಅಂತೀರಿ! ಬಡ್ಡಿ ಅಂಗಡಿಯವನು, ಹತ್ತಿಮಿಲ್ಲಿನ ಮಾಲೀಕ, ಭತ್ತದ ಗೋದಾಮಿನ ಒಡೆಯ, ಲಾರಿಗಳ ಧಣಿ. ಇಡೀ ಮಲಬಾರಿನಲ್ಲಿ ಅಷ್ಟು ಜನ ಸಾಹುಕಾರರೇ ಇರಲಿಲ್ಲ, ಅಷ್ಟು ಜನ ಸಾಹುಕಾರರನ್ನು ಚಾತ್ತುಕುಟ್ಟಿ ಗಲ್ಲಿಗೇರಿಸಿದ್ದ. ಒಬ್ಬೊಬ್ಬ ಸಿಕ್ಕಿಬಿದ್ದಾಗಲೂ ಕೆಲಸಗಾರರು ಕತ್ತರಿಯನ್ನು ಮೊರದ ಅಂಚಿಗೆ ಬಡಿದು ಎಬ್ಬಿಸುವ ಸದ್ದಿಗೆ ಹಂಚಿನ ಮೇಲಿನ ಕಾಗೆಗಳು ಅರಬ್ಬಿ ಸಮುದ್ರ ದಾಟಿ ಹಾರಿಹೋಗುತ್ತಿದ್ದವು.

ಆದರೆ ಈ ದಿನ ಅವನು ಕನ್ನಡಕ ಉಜ್ಜಿದ್ದು ಅಗತ್ಯಕ್ಕಿಂತ ಸ್ವಲ್ಪ ಹೆಚ್ಚಾಯಿತು. ಹಿಂದಿನ ದಿನದ ಜಗಳದಲ್ಲಿ ಅವನು ತನ್ನ ಸ್ಟೂಲನ್ನೇ ಪಣಕ್ಕಿಟ್ಟಿದ್ದ.

ಪುಸ್ತಕದಲ್ಲಿ ಸತ್ತವನು ವರ್ಕಿ ಎಂಬ ರಬ್ಬರ್ ತೋಟದ ಧಣಿ. ರಬ್ಬರ್ ಹಾಳೆ ಒಣಗಿಸುವ ಹೊಗೆಮನೆಯೊಳಗೆ ಹೆಣವಾಗಿ ಸಿಕ್ಕಿದ್ದ. ಸಂಶಯ ಇದ್ದದ್ದು ಮೂವರ ಮೇಲೆ: ತೋಟಕ್ಕೆ ಹಕ್ಕುದಾರಳಾದ ತಂಗಿ ಅನ್ನಮ್ಮ, ಸಂಬಳಕ್ಕಾಗಿ ಜಗಳವಾಡಿದ್ದ ಡ್ರೈವರ್, ಮತ್ತು ದಿನಾ ಸಂಜೆ ಸೈಕಲ್ ತುಳಿದುಕೊಂಡು ಬಂದು ಧಣಿಗೆ ಇಂಜೆಕ್ಷನ್ ಕೊಟ್ಟು ಹೋಗುವ ಕಂಪೌಂಡರ್.

"ತಂಗಿ ಅಲ್ದೆ ಇನ್ಯಾರು?" ಎಂದಿದ್ದ ಮುಂದಿನ ಸಾಲಿನ ಪವಿತ್ರನ್. ಚಾತ್ತುಕುಟ್ಟಿ ಸೀನಿದರೂ ಅದರಲ್ಲೊಂದು ಸುಳಿವು ಹುಡುಕುವ ಭಕ್ತ ಅವನು. ಶೆಡ್ಡಿನ ಕಿರಿಯರಿಗೆಲ್ಲ ಚಾತ್ತುಕುಟ್ಟಿ 'ಚಾತ್ತುವೇಟ್ಟ', ಅಂದರೆ ಚಾತ್ತು ಅಣ್ಣ. "ತೋಟ ಪೂರಾ ಅವಳ ಹೆಸರಿಗೆ ಬರುತ್ತೆ. ಚಾತ್ತುವೇಟ್ಟಾ, ನೀವೇ ಹೇಳಿ."

"ಅನ್ನಮ್ಮನೇ," ಎಂದು ಚಾತ್ತುಕುಟ್ಟಿ ತೀರ್ಪು ಕೊಟ್ಟಿದ್ದ. ಕತ್ತರಿಗಳು ಮೊರ ಬಡಿಯಲು ಮೇಲೆದ್ದಿದ್ದವು.

"ಅಲ್ಲ. ಕಂಪೌಂಡರ್."

ಹೇಳಿದವಳು ಕೌಸು. ಕಿಟಕಿಯ ಕೆಳಗಿನ ಸಾಲಿನಲ್ಲಿ ಕೂರುವ, ಮೆರವಣಿಗೆಯಲ್ಲಿ ಘೋಷಣೆ ಕೂಗಿದರೆ ವಳಪಟ್ಟಣಂ ಹೊಳೆಯ ಆಚೆ ದಡದ ಎಮ್ಮೆಗಳೂ ಎದ್ದು ನಿಲ್ಲುವಂಥ ಸ್ವರದ ಹೆಂಗಸು. ತನಗೂ ಓದಲು ಒಂದು ಅವಕಾಶ ಕೊಡಿ ಎಂದು ಅವಳು ಕೇಳಿದಾಗಲೆಲ್ಲ ಚಾತ್ತುಕುಟ್ಟಿ, "ಹೆಂಗಸರ ಸ್ವರ ಹಿಂದಿನ ಸಾಲಿಗೆ ಕೇಳೋದಿಲ್ಲ," ಎಂದು ನಗುಮುಖದಿಂದಲೇ ತಳ್ಳಿಹಾಕುತ್ತ ಬಂದಿದ್ದ.

"ಕಂಪೌಂಡರಾ?" ಪವಿತ್ರನ್ ಎದೆ ಹಿಡಿದುಕೊಂಡ. "ಅವನೂ ನಮ್ಮ ಹಾಗೆ ದುಡಿದು ತಿನ್ನೋನು. ಅವನ್ಯಾಕೆ ಕೊಲ್ತಾನೆ? ನಮ್ಮ ಅಕ್ಕ, ಕೌಸು ಏಚ್ಚಿ, ಧಣಿಗಳ ಪಕ್ಷ ಸೇರಿದ್ರಪ್ಪೋ!"

"ದುಡಿದು ತಿನ್ನೋರಿಗೆ ಕೊಲ್ಲೋಕೆ ಕೈ ಇಲ್ವೇನೋ?" ಕೌಸು ಕತ್ತರಿಯ ತುದಿಯನ್ನು ಅವನ ಕಡೆಗೇ ತೋರಿಸಿ ಹೇಳಿದಳು. "ಸತ್ತವನಿಗೆ ಉಬ್ಬಸ ಇತ್ತು. ನಮ್ಮಲ್ಲಿ ಉಬ್ಬಸ ಇರೋರು ಎಷ್ಟು ಜನ ಇಲ್ಲ? ಪಕ್ಕದ ಮನೆಯೋರು ಒಲೆ ಹಚ್ಚಿದ್ರೂ ಬಾಗಿಲು ಹಾಕ್ಕೋತಾರೆ. ಅಂಥವನು ತಾನಾಗಿ ಹೊಗೆಮನೆಯೊಳಗೆ ಕಾಲಿಡ್ತಾನಾ? ಹೊರಗೆಲ್ಲೋ ಸತ್ತಿದ್ದಾನೆ, ಆಮೇಲೆ ಹೊತ್ಕೊಂಡು ಹೋಗಿ ಹಾಕಿದ್ದಾರೆ. ಹೊಗೆಯಿಂದಾನೇ ಸತ್ತ ಅಂತ ಜನ ತಿಳೀಲಿ ಅಂತ. ಹಾಗಾದ್ರೆ ಮೊದಲು ಕೊಂದದ್ದು ಯಾವುದು? ಮೈಮೇಲೆ ಗಾಯ ಇಲ್ಲ. ಸೂಜಿ."

ಒಂದು ಕ್ಷಣ ಶೆಡ್ಡು ಸುಮ್ಮನಾಗಿತ್ತು. ಆ ಸುಮ್ಮನಿರುವಿಕೆಯೇ ಚಾತ್ತುಕುಟ್ಟಿಗೆ ಚುಚ್ಚಿತು. ತನ್ನ ಮಾತಿನ ನಂತರ ಬರಬೇಕಾದ ಮೌನ ಬೇರೆಯವರ ಮಾತಿನ ನಂತರ ಬಂದರೆ ಯಾವ ಮನುಷ್ಯ ತಡೆದುಕೊಳ್ಳುತ್ತಾನೆ?

"ಏನಮ್ಮಾ ಕೌಸೂ, ನಾನು ಇಷ್ಟು ವರ್ಷ ಈ ಸ್ಟೂಲಿನ ಮೇಲೆ ಕೂತು ಕಡಲೆ ತಿನ್ತಿದ್ದೆ ಅಂದ್ಕೊಂಡ್ಯಾ?"

"ಕೊಂದವನು ಕಂಪೌಂಡರ್ ಅಲ್ಲದಿದ್ರೆ ನಾನು ಇನ್ನು ಈ ಶೆಡ್ಡಿನಲ್ಲಿ ಯಾವ ಪುಸ್ತಕದ ಬಗ್ಗೇನೂ ಬಾಯಿ ಬಿಡೋದಿಲ್ಲ, ಚಾತ್ತುವೇಟ್ಟಾ," ಎಂದಿದ್ದಳು ಕೌಸು. "ಹೌದಾದ್ರೆ ನೀವು ಇಳೀಬೇಕು. ಮುಂದಿನ ಪುಸ್ತಕ ನಾನು ಓದ್ತೀನಿ. ಹಿಂದಿನ ಸಾಲಿಗೆ ಕೇಳುತ್ತೋ ಇಲ್ವೋ ನೋಡೇಬಿಡೋಣ."

"ಆಯ್ತು," ಎಂದಿದ್ದ ಚಾತ್ತುಕುಟ್ಟಿ. ಎಲ್ಲರ ಎದುರಿಗೆ, ನಗುತ್ತಲೇ ಅಂದಿದ್ದ.

ಈಗ ದಾಮು ಮೇಸ್ತ್ರಿ ಕಪಾಟಿನಿಂದ ಪುಸ್ತಕ ತಂದುಕೊಟ್ಟ. ಚಾತ್ತುಕುಟ್ಟಿ ಗುರುತಿನ ನೂಲು ತೆಗೆದು ಕೊನೆಯ ಅಧ್ಯಾಯ ಬಿಚ್ಚಿದ. ಹೊರಗೆ ಬಿಸಿಲು ಕಾದ ಬಾಣಲೆಯಂತೆ ಸುಡುತ್ತಿತ್ತು. ಒಳಗೆ ಒಂದು ಎಲೆ ಕತ್ತರಿಸುವ ಸದ್ದಿಲ್ಲ. ಕಥೆಯೊಳಗಿನ ಇನ್ಸ್‌ಪೆಕ್ಟರ್ ಎಲ್ಲರನ್ನೂ ವರ್ಕಿಯ ಬಂಗಲೆಯ ಪಡಸಾಲೆಯಲ್ಲಿ ಕೂರಿಸಿದ. ಬಾಗಿಲು ಹಾಕಿಸಿದ. ಮೀಸೆ ನೇವರಿಸಿದ. ಚಾತ್ತುಕುಟ್ಟಿ ಆ ಮೀಸೆಯನ್ನು ಎಷ್ಟು ಚೆನ್ನಾಗಿ ಓದಿದನೆಂದರೆ ಪೋಕ್ಕರಿಕ್ಕ ತನ್ನ ಬೋಳು ಮೇಲ್ತುಟಿಯನ್ನು ಮುಟ್ಟಿನೋಡಿಕೊಂಡ. ಪೋಕ್ಕರಿಕ್ಕ ಆ ಶೆಡ್ಡಿನ ಅತಿ ಹಿರಿಯ ಕೆಲಸಗಾರ. ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ಕೂರುತ್ತಿದ್ದ ಮುದುಕ.

ಓದುವವರ ಕಣ್ಣು ಯಾವಾಗಲೂ ನಾಲಿಗೆಗಿಂತ ಒಂದು ಸಾಲು ಮುಂದಿರುತ್ತದೆ. ಚಾತ್ತುಕುಟ್ಟಿಯ ನಾಲಿಗೆ "ಇನ್ಸ್‌ಪೆಕ್ಟರ್ ನಿಧಾನವಾಗಿ ಕೈ ಎತ್ತಿದರು" ಎನ್ನುತ್ತಿರುವಾಗ ಅವನ ಕಣ್ಣು ಮುಂದಿನ ಸಾಲಿನಲ್ಲಿತ್ತು. ಅಲ್ಲಿ, ಅಚ್ಚಿನ ಕಪ್ಪು ಅಕ್ಷರದಲ್ಲಿ, ಇನ್ಸ್‌ಪೆಕ್ಟರರ ಬೆರಳು ಕಂಪೌಂಡರನ ಕಡೆಗೆ ತಿರುಗಿ ನಿಂತಿತ್ತು.

ಅವನಿಗೆ ಮೊದಲು ಬಂದದ್ದು ಭಯವಲ್ಲ, ಸಿಟ್ಟು. ಅಂಗಾಲಿನಿಂದ ಹೊರಟು ನೆತ್ತಿಯ ಕೂದಲನ್ನು ಸುಡುವಂಥ ಸಿಟ್ಟು. ಇದನ್ನು ಬರೆದವನು ಕೈಗೆ ಸಿಕ್ಕಿದ್ದರೆ ಚಾತ್ತುಕುಟ್ಟಿ ಅವನನ್ನು ಕೆರೆಯಲ್ಲಿ ಅದ್ದಿ ಅದ್ದಿ ತೆಗೆಯುತ್ತಿದ್ದ. ಕಥೆಯಲ್ಲಿ ತೋಟವಿದೆ, ಬಂಗಲೆಯಿದೆ, ರೇಷ್ಮೆ ಸೀರೆಯ ತಂಗಿ ಇದ್ದಾಳೆ. ಹೋಗಿ ಹೋಗಿ ಒಬ್ಬ ಸೈಕಲ್ಲಿನವನನ್ನು ಹಿಡಿಯುವುದೇ? ಅದೂ ಈ ಹೆಂಗಸು ಹೇಳಿದವನನ್ನೇ? ಬರೆದವನೂ ಅವಳೂ ಸೇರಿಕೊಂಡು ತನ್ನನ್ನು ಸ್ಟೂಲಿನಿಂದ ಕೆಳಗೆ ಎಳೆಯುತ್ತಿರುವಂತೆ ಅವನಿಗೆ ಕಂಡಿತು. ಕಿಟಕಿಯ ಕೆಳಗೆ ಕೌಸು ಮೊರದ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತಿದ್ದಳು.

"ಇನ್ಸ್‌ಪೆಕ್ಟರರ ಬೆರಳು," ಎಂದು ಚಾತ್ತುಕುಟ್ಟಿ ಓದಿದ, "ಅನ್ನಮ್ಮನ ಕಡೆಗೆ ತಿರುಗಿತು!"

ಕತ್ತರಿಗಳು ಮೊರಗಳನ್ನು ಬಡಿದವು. ಪವಿತ್ರನ್ ಎದ್ದು ನಿಂತು, "ರಟ್ಟು ಮೂಸಿದ್ರೆ ಸಾಕು ಅಂದಿದ್ರು! ಹೇಳಿದ್ರೋ ಇಲ್ವೋ?" ಎಂದು ಕುಣಿದ. ಕೌಸು ತಲೆ ತಗ್ಗಿಸಿದಳು. ಅವಳ ಕಿವಿ ಕೆಂಪಾದದ್ದು ಚಾತ್ತುಕುಟ್ಟಿಗೆ ಅಷ್ಟು ದೂರದಿಂದಲೂ ಕಂಡಿತು, ಕಂಡು ಹಿತವಾಯಿತು.

ಆದರೆ ಬೆರಳು ತಿರುಗಿದ ಮಾತ್ರಕ್ಕೆ ಕಥೆ ಮುಗಿಯುವುದಿಲ್ಲವಲ್ಲ. ಪುಸ್ತಕದ ಕೆಳಗಿನ ಸಾಲುಗಳ ತುಂಬ ಕಂಪೌಂಡರನೇ ಇದ್ದ. ಅವನ ಚೀಲ, ಅವನ ಸೂಜಿ, ಬಾಟಲಿಯಲ್ಲಿ ಅವನು ಬೆರೆಸಿದ ಮದ್ದು, ಹೆಣವನ್ನು ಹೆಗಲಿಗೆ ಹಾಕಿಕೊಂಡು ನಡೆದ ದಾರಿ. ಕಣ್ಣು ಅದನ್ನು ನೋಡುತ್ತಿರುವಾಗ ಬಾಯಿ ಬೇರೆಯದನ್ನು ಹೇಳಬೇಕು. ಚಾತ್ತುಕುಟ್ಟಿಗೆ ಇದೇನೂ ಹೊಸತಲ್ಲ. ಅವನು ಅನ್ನಮ್ಮನ ಕೈಗೆ ಸೂಜಿ ಕೊಟ್ಟ. ಮಂಗಳೂರಿನಲ್ಲಿ ಅವಳು ಗುಟ್ಟಾಗಿ ನರ್ಸ್ ಕೆಲಸ ಕಲಿತಿದ್ದಳು ಎಂದು ಓದಿದ. ಲಾಟೀನು ಹಿಡಿದು ಮೆಟ್ಟಿಲು ಹತ್ತಿ ಅಣ್ಣನ ಕೋಣೆಗೆ ಹೋದಳು ಎಂದ. ಅಣ್ಣನನ್ನು ಕಂಬಳಿಯಲ್ಲಿ ಸುತ್ತಿ ಒಬ್ಬಳೇ ಹೊತ್ತು ಹೊಗೆಮನೆಗೆ ನಡೆದಳು ಎಂದ.

"ಒಬ್ಬಳೇ?" ಎಂದ ಪೋಕ್ಕರಿಕ್ಕ.

"ಒಬ್ಬಳೇ."

"ಮೂರನೇ ಅಧ್ಯಾಯದಲ್ಲಿ ಅವಳಿಗೆ ನೀರಿನ ಕೊಡ ಎತ್ತೋಕೂ ಆಗ್ತಿರ್ಲಿಲ್ವಲ್ಲೋ. ಸೊಂಟನೋವು ಅಂತ ಮಲಗಿದ್ಲು."

"ಅದು ನಾಟಕ, ಪೋಕ್ಕರಿಕ್ಕಾ. ಕೊಲೆಗಾರರು ನಾಟಕ ಆಡ್ತಾರೆ."

"ರಕ್ತ ನೋಡಿದ್ರೆ ಮೂರ್ಛೆ ಹೋಗ್ತಾಳೆ ಅಂತಾನೂ ಇತ್ತು," ಎಂದ ಹಿಂದಿನ ಸಾಲಿನ ಇನ್ನೊಬ್ಬ. "ನರ್ಸ್ ಕೆಲಸ ಹೇಗೆ ಕಲಿತ್ಲು?"

"ಅದೂ ನಾಟಕ!" ಚಾತ್ತುಕುಟ್ಟಿಯ ಸ್ವರ ಏರಿತು. "ಓದೋಕೆ ಬಿಡ್ತೀರೋ ಇಲ್ವೋ?"

ಕೌಸು ತಲೆ ಎತ್ತಿದಳು. ಅವಳ ಮುಖದಲ್ಲಿ ಈಗ ಸೋತವಳ ಬಣ್ಣ ಇರಲಿಲ್ಲ. ಯಾರೋ ಸುಳ್ಳು ತಕ್ಕಡಿಯಲ್ಲಿ ತೂಗುತ್ತಿರುವುದನ್ನು ಕಂಡ ಗಿರಾಕಿಯ ಮುಖ ಅದು.

"ಚಾತ್ತುವೇಟ್ಟಾ, ಆ ಭಾಗ ಇನ್ನೊಂದ್ಸಲ ಓದಿ."

"ಯಾವ ಭಾಗ?"

"ಅವಳು ಅಣ್ಣನ ಕೋಣೆಗೆ ಹೋದದ್ದು. ಅಚ್ಚಾಗಿರೋದು ಎಲ್ಲಿಗೂ ಓಡಿಹೋಗಿರಲ್ಲ. ಓದಿ."

ಬೀಡಿ ಶೆಡ್ಡಿನ ಕಿವಿ ಎಂಥದ್ದೆಂದು ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಬೆಳಗಿನಿಂದ ಸಂಜೆಯವರೆಗೆ ಕೇಳಿಯೇ ಬದುಕುವ ಜನ. ಒಂದು ಸಲ ಕೇಳಿದ ವಾಕ್ಯವನ್ನು ಕೈಬೆರಳಿನಂತೆ ಗುರುತಿಟ್ಟುಕೊಳ್ಳುತ್ತಾರೆ. ಚಾತ್ತುಕುಟ್ಟಿ ಗಂಟಲು ಸರಿಮಾಡಿಕೊಂಡು ಓದಿದ. ಅನ್ನಮ್ಮ ಟಾರ್ಚು ಹಿಡಿದು ಅಣ್ಣನ ಕೋಣೆಗೆ ಹೋದಳು.

"ಲಾಟೀನು," ಎಂದಿತು ಹಿಂದಿನ ಸಾಲು.

"ಆಗ ಲಾಟೀನು ಅಂದ್ರಿ, ಈಗ ಟಾರ್ಚು," ಎಂದಿತು ಬಲಗಡೆಯ ಸಾಲು.

"ಕಂಬಳಿ ಎಲ್ಲಿ ಹೋಯ್ತು?"

"ಆಗ ಮೆಟ್ಟಿಲು ಹತ್ತಿ ಹೋದ್ಲು. ಈಗ ಮೆಟ್ಟಿಲೇ ಇಲ್ಲ."

ಚಾತ್ತುಕುಟ್ಟಿ ಪುಸ್ತಕವನ್ನು ತೊಡೆಗೆ ಬಡಿದ. "ನನ್ನ ಮೇಲೆ ಸಂಶಯನಾ? ನನ್ನ ಮೇಲೆ? ನೀವೆಲ್ಲ ಮೂಗಲ್ಲಿ ಸಿಂಬಳ ಸುರಿಸ್ಕೊಂಡು ಓಡಾಡ್ತಿದ್ದಾಗಿಂದ ಓದ್ತಿದ್ದೀನಿ ನಾನು!" ಪೋಕ್ಕರಿಕ್ಕ ಅವನಿಗಿಂತ ಇಪ್ಪತ್ತು ವರ್ಷ ದೊಡ್ಡವನು ಎಂಬುದು ಆ ಸಿಟ್ಟಿನಲ್ಲಿ ಅವನಿಗೆ ನೆನಪಿಗೆ ಬರಲಿಲ್ಲ. "ಈ ಸ್ವರ ಕೇಳೋಕೆ ತಲಶ್ಶೇರಿಯಿಂದ ಜನ ಬಸ್ ಹತ್ತಿ ಬರ್ತಾರೆ! ಕಣ್ಣು ಒಂದಿಷ್ಟು ಮಂಜಾಯ್ತು, ಲಾಟೀನಿನ ಜಾಗದಲ್ಲಿ ಟಾರ್ಚು ಅಂದೆ. ಅದಕ್ಕೆ ನನ್ನನ್ನ ಕಳ್ಳ ಅಂತೀರಾ?"

"ಕಳ್ಳ ಅಂತ ಯಾರೂ ಹೇಳಿಲ್ಲ," ಎಂದಳು ಕೌಸು. "ನೀನೇ ಹೇಳ್ತಿದ್ದೀಯಾ."

'ನೀವು' ಎಂಬುದು ಬಿದ್ದುಹೋಗಿತ್ತು. ಅದನ್ನು ಎಲ್ಲರೂ ಕೇಳಿಸಿಕೊಂಡರು. ಅವಳು ಮೊರವನ್ನು ಕೆಳಗಿಟ್ಟು, ಮಡಿಲಿನ ಪುಡಿ ಕೊಡವಿ, ಸಾಲುಗಳ ನಡುವೆ ನಡೆದು ಬಂದು ಸ್ಟೂಲಿನ ಎದುರು ನಿಂತಳು. ಚಾತ್ತುಕುಟ್ಟಿ ಪುಸ್ತಕವನ್ನು ಎದೆಗೆ ಒತ್ತಿಹಿಡಿದ.

"ಮುಟ್ಬೇಡ! ಕಾನೂನಿದೆ. ಓದೋನು ಬಿಟ್ಟು ಯಾರೂ ಮುಟ್ಟೋ ಹಾಗಿಲ್ಲ. ದಾಮೂ, ಹೇಳೋ ಇವಳಿಗೆ!"

ದಾಮು ಮೇಸ್ತ್ರಿ ಮೇಲೆ ಹಂಚು ನೋಡಿದ.

"ನಾನು ಮುಟ್ಟಲ್ಲ," ಎಂದಳು ಕೌಸು. ಅವಳ ಸ್ವರ ಏರಲಿಲ್ಲ. ಎಮ್ಮೆಗಳನ್ನು ಎಬ್ಬಿಸುವ ಆ ಸ್ವರ ಹಲ್ಲುಗಳ ಹಿಂದೆ ನಿಂತು ನಡುಗುತ್ತಿತ್ತು. "ನೀನೇ ಓದು. ನಿನ್ನ ಬಾಯಿಂದಾನೇ ಓದು. ಬೆರಳು ಯಾರ ಕಡೆ ತಿರುಗಿತು?"

"ಹೇಳಿದ್ನಲ್ಲ..."

"ಓದು."

 ಚಾತ್ತುಕುಟ್ಟಿ ಪವಿತ್ರನ್ ಕಡೆ ನೋಡಿದ. ಪವಿತ್ರನ್ ಅವನ ಬಾಯನ್ನೇ ನೋಡುತ್ತಿದ್ದ, ಇನ್ನೂ ನಂಬಲು ಸಿದ್ಧನಾಗಿ, ನಂಬುವಂಥದ್ದೇನಾದರೂ ಹೇಳು ಎಂದು ಬೇಡುತ್ತ. ಆ ನೋಟವನ್ನು ತಡೆಯಲಾಗದೆ ಚಾತ್ತುಕುಟ್ಟಿ ಪುಸ್ತಕಕ್ಕೆ ಕಣ್ಣು ಇಳಿಸಿದ.

"ಇನ್ಸ್‌ಪೆಕ್ಟರರ ಬೆರಳು," ಎಂದ. ಅಷ್ಟು ದೊಡ್ಡ ಸ್ವರ ಮೊದಲ ಸಾಲಿಗೂ ಸರಿಯಾಗಿ ಮುಟ್ಟಲಿಲ್ಲ. "ಕಂಪೌಂಡರನ ಕಡೆಗೆ ತಿರುಗಿತು."

ಮೊದಲು ಬಂದದ್ದು ಗದ್ದಲವಲ್ಲ. ಪೋಕ್ಕರಿಕ್ಕ ಮೊಣಕಾಲಿಗೆ ಕೈಕೊಟ್ಟು ಎದ್ದ, ನಿಧಾನವಾಗಿ ನಡೆದು ಬಂದ, ಬುಟ್ಟಿಗೆ ಬಗ್ಗಿ ತಾನು ಬೆಳಿಗ್ಗೆ ಹಾಕಿದ್ದ ಒಂದು ಹಿಡಿ ಬೀಡಿಯನ್ನು ಎತ್ತಿಕೊಂಡು ತನ್ನ ಜಾಗಕ್ಕೆ ಹೋದ. ಅವನ ಹಿಂದೆ ಇನ್ನೊಬ್ಬ ಎದ್ದ. ಆಮೇಲೆ ಇಡೀ ಸಾಲು. ಯಾರ ಬೀಡಿ ಯಾವುದೆಂದು ಯಾರೂ ತಪ್ಪಲಿಲ್ಲ. ತಾವು ಕಟ್ಟಿದ ನೂಲಿನ ಗಂಟು ತಮಗೆ ಗೊತ್ತಿರುತ್ತದೆ. ನೋಡನೋಡುತ್ತ ಬುಟ್ಟಿ ಖಾಲಿಯಾಯಿತು. ಗದ್ದಲ ಎದ್ದದ್ದು ಆಮೇಲೆ.

"ಇದೊಂದೇ ಪುಸ್ತಕಾನಾ?" ಎಂದು ಯಾರೋ ಕೂಗಿದರು.

"ಇದೊಂದೇ," ಎಂದ ಚಾತ್ತುಕುಟ್ಟಿ.

"ತಾಯಾಣೆ?" ಎಂದಳು ಕೌಸು.

ಅವನು ಕನ್ನಡಕ ತೆಗೆದು ಮತ್ತೆ ಪಂಚೆಯ ಅಂಚಿನಲ್ಲಿ ಉಜ್ಜತೊಡಗಿದ.

"ಹತ್ತಿಮಿಲ್ಲಿನ ಮಾಲೀಕ?" ಎಂದು ಪೋಕ್ಕರಿಕ್ಕ ಗೋಡೆಯ ಹತ್ತಿರದಿಂದ ಕೇಳಿದ. "ಹೆಂಡತೀನ ಬಾವಿಗೆ ನೂಕಿದ್ನಲ್ಲ, ಅವನು?"

"ಅವನಲ್ಲ. ತೋಟದ ಮಾಲಿ."

"ಭತ್ತದ ಗೋದಾಮಿನವನು?"

"ಅವನು ನಿರಪರಾಧಿ. ಕೊನೇಲಿ ಅವನೇ ಪೊಲೀಸರಿಗೆ ಸಹಾಯ ಮಾಡ್ತಾನೆ."

"ಬಡ್ಡಿ ಅಂಗಡಿಯವನು? ಅಯ್ಯೋ, ಅವನನ್ನ ಗಲ್ಲಿಗೆ ಹಾಕಿದ ದಿವಸ ನಾವು ಪಾಯಸ ಹಂಚಿದ್ವಲ್ಲೋ!"

"ಅವನನ್ನ ಗಲ್ಲಿಗೆ ಹಾಕಿಲ್ಲ. ಅವನಿಗೆ ಮಗು ಹುಟ್ಟುತ್ತೆ. ಕೊಂದದ್ದು ಅಡಿಗೆಯವಳು."

ಒಬ್ಬೊಬ್ಬರೇ ಕೇಳುತ್ತ ಹೋದರು, ಒಬ್ಬೊಬ್ಬನೇ ಸಾಹುಕಾರ ಜೈಲಿನಿಂದ ಬಿಡುಗಡೆಯಾಗುತ್ತ ಹೋದ. ಕೇಳುವವರ ಮುಖ ನೋಡಿದ್ದರೆ ಅವರ ಮನೆಯ ಪಾತ್ರೆಪಗಡೆಗಳನ್ನು ಯಾರೋ ಒಂದೊಂದಾಗಿ ಬೀದಿಗೆ ಎಸೆಯುತ್ತಿದ್ದಾರೆ ಅನ್ನಬೇಕಿತ್ತು. ಪವಿತ್ರನ್ ಅತ್ತುಬಿಟ್ಟ. "ಲಾರಿ ಧಣಿಯ ವಿಷಯಕ್ಕೆ ನಾನು ನನ್ನ ಭಾವನ ಹತ್ರ ಹೊಡೆದಾಡಿದೀನಿ, ಚಾತ್ತುವೇಟ್ಟಾ. ಕೊಂದದ್ದು ಲಾರಿ ಕ್ಲೀನರ್ ಅಂತ ಅವನಂದ. ಹಲ್ಲು ಮುರಿದೆ ಅವನದ್ದು."

"ಕ್ಲೀನರೇ," ಎಂದ ಚಾತ್ತುಕುಟ್ಟಿ. ಆಮೇಲೆ ಅವನಿಗೆ ತಡೆಯಲಾಗಲಿಲ್ಲ. ಅಡಗಿಸಿಕೊಂಡಿದ್ದ ಸಿಟ್ಟು ಬಾಯಿಗೆ ಬಂತು. "ಎಲ್ಲ ತಪ್ಪು ನನ್ನ ತಲೆಗೇ ಕಟ್ಟಬೇಡಿ! ಮೊಟ್ಟಮೊದಲ ಪುಸ್ತಕದಲ್ಲಿ ಕೊಲೆಗಾರ ಒಬ್ಬ ನೇಕಾರ ಅಂತ ಇದ್ದದ್ದನ್ನ ಇದ್ದ ಹಾಗೇ ಓದಿದ್ದೆ. ನೀವೇನು ಮಾಡಿದ್ರಿ? ಪೋಕ್ಕರಿಕ್ಕಾ, ನೀವೇ ಅಲ್ವಾ ಆ ಪುಸ್ತಕಾನ ಕೆರೆಗೆ ಎಸೆದದ್ದು? ದುಡಿಯೋರ ಮಾನ ಕಳೆಯೋ ಪುಸ್ತಕ ಓದ್ತಾನೆ ಅಂತ ಆ ದಿನ ಒಬ್ರೂ ನನ್ನ ಬುಟ್ಟಿಗೆ ಒಂದು ಬೀಡೀನೂ ಹಾಕ್ಲಿಲ್ಲ. ಬರಿಗೈಲಿ ಮನೆಗೆ ಹೋದೆ. ಮುಂದಿನ ಪುಸ್ತಕದಲ್ಲಿ ಒಬ್ಬ ಧಣಿನ ಹಿಡಿದುಕೊಟ್ಟೆ. ಆಗ ಕತ್ತರಿ ಬಡಿದ್ರಿ! ಅವನ ಹೆಸರನ್ನ ಮೂರು ಸಲ ಕೂಗಿಸಿದ್ರಿ! ಬರೆದವರು ಬರೆಯಲಿಲ್ಲ, ಅದಕ್ಕೆ ನಾನು ಬರೆದೆ!"

 ಪೋಕ್ಕರಿಕ್ಕ ಅಂಗೈಯಲ್ಲಿದ್ದ ಬೀಡಿಗಳನ್ನು ಸುಮ್ಮನೆ ಸರಿಪಡಿಸಿ ಜೋಡಿಸತೊಡಗಿದ.

"ಅಂದ್ರೆ ತಪ್ಪು ನಮ್ಮದು ಅಂತೀಯಾ?" ಎಂದು ಕೇಳಿದಳು ಕೌಸು.

"ಅರ್ಧ."

"ಆಗ್ಲಿ. ಆ ಅರ್ಧ ಅವರಿಗೆ ಕೊಡು," ಕೌಸು ಸಾಲುಗಳ ಕಡೆ ಕೈ ಬೀಸಿದಳು. "ಉಳಿದ ಅರ್ಧದ ಲೆಕ್ಕ ನಂಗೆ ಹೇಳು. ಇವತ್ತು ನೀನು ಅವರಿಗಾಗಿ ಸುಳ್ಳು ಹೇಳಿದ್ಯಾ? ದುಡಿಯೋರ ಮಾನ ಉಳಿಸೋಕೆ ಹೇಳಿದ್ಯಾ? ನಾನು ಈ ಹೊಗೆಸೊಪ್ಪಿನ ಧೂಳು ಕುಡ್ಕೊಂಡು ದಿನಗಟ್ಟಲೆ ಯೋಚನೆ ಮಾಡಿದೀನಿ. ಕನಸಲ್ಲೂ ಆ ಹೊಗೆಮನೆ ಬಾಗಿಲು ತೆಗೆದು ನೋಡಿದೀನಿ. ಸರಿಯಾಗೇ ಕಂಡುಹಿಡಿದಿದ್ದೆ. ನೀನು ಅದನ್ನ ನನ್ನ ಮುಖದ ಮೇಲೇ ಒರೆಸಿಹಾಕಿದೆ. ನಾನು ಜನ್ಮಪೂರ್ತಿ ಬಾಯಿ ಮುಚ್ಕೊಂಡು ಕೂರ್ತಿದ್ದೆ ಕಣೋ, ನಾನೇ ದಡ್ಡಿ ಅಂದ್ಕೊಂಡು!"

 ಕೇರಳಕ್ಕೆಲ್ಲ ಕೇಳಿಸುವಂತೆ ಮಾತಾಡುತ್ತಿದ್ದ ಚಾತ್ತುಕುಟ್ಟಿ ಸ್ಟೂಲಿನಿಂದ ಇಳಿದ.  ಪುಸ್ತಕವನ್ನು ಅವಳ ಕಡೆ ಚಾಚಿದ. ಅವಳು ಕಸಿದುಕೊಂಡಳು ಎಂದೇ ಹೇಳಬೇಕು.

ಕೌಸು ಸ್ಟೂಲು ಹತ್ತಿದಳು. ಅವಳ ಕಾಲು ಅಡ್ಡಪಟ್ಟಿಗೆ ಎಟುಕಲಿಲ್ಲ. ಗಾಳಿಯಲ್ಲೇ ನೇತಾಡಿಸಿಕೊಂಡು ಅವಳು ಅಧ್ಯಾಯದ ಆರಂಭದಿಂದ ಓದತೊಡಗಿದಳು. ಮೊದಮೊದಲು ಸಿಟ್ಟಿಗೆ ಪದಗಳು ಒಂದರ ಮೇಲೊಂದು ಬಿದ್ದವು. ಆಮೇಲೆ ದಾರಿಗೆ ಬಂದವು. ಹಿಂದಿನ ಸಾಲಿನವರು ಒಮ್ಮೆಯೂ "ಕೇಳ್ತಿಲ್ಲ" ಅನ್ನಲಿಲ್ಲ. ಬೆರಳು ಕಂಪೌಂಡರನ ಕಡೆಗೇ ತಿರುಗಿತು. ಯಾರೂ ಕತ್ತರಿ ಬಡಿಯಲಿಲ್ಲ. ಅವಳೂ ಕಾಯಲಿಲ್ಲ.

ಕೆಳಗೆ ನಿಂತಿದ್ದ ಚಾತ್ತುಕುಟ್ಟಿಗೆ ಕೂರಲು ಜಾಗವಿರಲಿಲ್ಲ. ಯಾರೂ ಮೊಣಕಾಲು ಸರಿಸಲಿಲ್ಲ. ಎಲೆ ನೆನೆಹಾಕುವ ತೊಟ್ಟಿಯ ಪಕ್ಕದ ಒದ್ದೆ ನೆಲದಲ್ಲಿ ಅವನು ಕುಕ್ಕರಗಾಲಿನಲ್ಲಿ ಕುಳಿತ.

ಕಥೆ ಅಲ್ಲಿಗೆ ಮುಗಿದಿರಲಿಲ್ಲ. ಕಂಪೌಂಡರ್ ಇನ್ಸ್‌ಪೆಕ್ಟರರ ಕಾಲಿಗೆ ಬಿದ್ದ. ಸೂಜಿ ಚುಚ್ಚಿದ್ದು ತಾನೇ, ಆದರೆ ತನ್ನ ಕೈಗೆ ಆ ಬಾಟಲಿ ಕೊಟ್ಟು ಹೀಗೆ ಮಾಡು ಎಂದು ಹೇಳಿದವರು ಬೇರೆ, ಅವರು ಈ ಪಡಸಾಲೆಯಲ್ಲೇ ಕುಳಿತಿದ್ದಾರೆ ಎಂದು ಅತ್ತ. ಪುಟ ಅಲ್ಲಿಗೆ ಮುಗಿಯಿತು. ಕೌಸು ನಿಲ್ಲಿಸಿದಳು. ಹೆಸರು ಬರುವ ಮುಂಚೆ ಎಲ್ಲರ ಊಹೆ ಕೇಳಬೇಕೆಂಬುದು ಶೆಡ್ಡಿನ ಪದ್ಧತಿ. ಅವಳು ಅದನ್ನು ಮೀರಲಿಲ್ಲ.

"ಯಾರು?"

ಎಷ್ಟೋ ವರ್ಷಗಳ ಅಭ್ಯಾಸ. ಇಡೀ ಶೆಡ್ಡಿನ ಕುತ್ತಿಗೆಗಳು ತಾವಾಗಿಯೇ ತೊಟ್ಟಿಯ ಕಡೆಗೆ ತಿರುಗಿದವು. ತಿರುಗಿದ ಮೇಲೆ ಎಲ್ಲರಿಗೂ ನಾಚಿಕೆಯಾಯಿತು, ಆದರೂ ಯಾರೂ ಮುಖ ಆಚೆ ಮಾಡಲಿಲ್ಲ.

"ನಂಗೊತ್ತಿಲ್ಲ," ಎಂದ ಚಾತ್ತುಕುಟ್ಟಿ.

"ಅಂದಾಜು?" ಎಂದು ಪವಿತ್ರನ್ ಮೂಗು ಒರೆಸಿಕೊಳ್ಳುತ್ತ ಕೇಳಿದ. ಅವನ ಸ್ವರದಲ್ಲಿ ಇನ್ನೂ ಅಳು ಇತ್ತು, ಸಿಟ್ಟೂ ಇತ್ತು.

"ಅಂದಾಜೂ ಇಲ್ಲ ಕಣೋ. ಯಾವ ಪುಸ್ತಕದಲ್ಲೂ ಇರ್ಲಿಲ್ಲ. ಬದಲಾಯಿಸಿದ್ದು ಹೋಗ್ಲಿ, ಒಂದೇ ಒಂದು ಸಲಾನೂ ನಾನು ಹೇಳಿದ ಹೆಸರು ಒಳಗೆ ಇದ್ದದ್ದಿಲ್ಲ. ಪ್ರತಿಸಲಾನೂ ಈ ಜಾಗಕ್ಕೆ ಬಂದಾಗ ನಿಮ್ಮಷ್ಟೇ ಬೆಚ್ಚಿಬೀಳ್ತಿದ್ದೆ. ಅದನ್ನ ತೋರಿಸ್ಕೊಳ್ಳೋಕೆ ಆಗ್ತಿರ್ಲಿಲ್ಲ, ಅಷ್ಟೇ."

 ಕೌಸು ಅವನ ಕಡೆ ನೋಡಲಿಲ್ಲ. ಹೊಗೆಸೊಪ್ಪಿನ ಪುಡಿ ಹತ್ತಿದ ಬೆರಳನ್ನು ನಾಲಿಗೆಗೆ ತಾಗಿಸಿ, ಕಹಿಗೆ ಮುಖ ಕಿವುಚಿ, ಮುಂದಿನ ಹಾಳೆ ತಿರುವಿದಳು.